ಎದೆಯ ಮೇಲಿನ ಕೆಸರು

ಈ ಡಿಸೆಂಬರ್ ಪೂರ್ತಿ ನಾನು ಮಾಡಿದ ಘನಕಾರ್ಯ ಒಂದೇ. ಕೆಸರು ಒಗೆದದ್ದು.

ನಗಬೇಡಿ. ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಆದರೆ ಈ ಬಟ್ಟೆಯನ್ನು ಅದಕ್ಕೆ ಹಾಕುವಂತಿಲ್ಲವಂತೆ. ಸೈಕಲ್ ರೇಸಿನವರು ತೊಡುವ ಜರ್ಸಿ ಅದು. ತೆಳ್ಳಗೆ, ಮೈಗೆ ಅಂಟಿಕೊಳ್ಳುವ ಬಟ್ಟೆ. ತಣ್ಣೀರಿನಲ್ಲಿ, ಕೈಯಲ್ಲೇ, ಮೆತ್ತಗೆ ಒಗೆಯಬೇಕು. ನನ್ನ ಧಾರೆ ಸೀರೆಗೂ ಇಷ್ಟು ಉಪಚಾರ ನಡೆದಿಲ್ಲ.

ಜರ್ಸಿಯ ಬೆನ್ನ ಮೇಲೆ ಕೆಸರಿರುತ್ತಿತ್ತು. ಸರಿ ಬಿಡಿ, ಮಳೆ ಬಿಡದ ಮದರಾಸು, ಮಡ್‌ಗಾರ್ಡ್ ಇಲ್ಲದ ಸೈಕಲ್ಲು, ಇನ್ನೇನಾಗುತ್ತದೆ? ಆದರೆ ಎದೆಯ ಮೇಲೂ ಇರುತ್ತಿತ್ತು. ಹೊಟ್ಟೆಯಿಂದ ಕುತ್ತಿಗೆಯವರೆಗೆ ಚುಕ್ಕೆ ಚುಕ್ಕೆಯಾಗಿ ಒಂದು ಪಟ್ಟೆ. ನನ್ನ ತಲೆ ಕೆಡಿಸಿದ್ದು ಆ ಪಟ್ಟೆ.

ಜರ್ಸಿ ನನ್ನ ಅಕ್ಕನ ಮಗಳು ನಿಧಿಯದು. ಅಕ್ಕ, ಭಾವ ಇರುವುದು ಕೀಲ್ಪಾಕಿನಲ್ಲಿ. ಅಲ್ಲಿಂದ ಸಮುದ್ರದ ಪಕ್ಕದ ಈಸಿಆರ್ ರಸ್ತೆಗೆ ಬರುವಷ್ಟರಲ್ಲಿ ಟ್ರಾಫಿಕ್ಕಿನಲ್ಲೇ ಅರ್ಧ ಜೀವ ಹೋಗುತ್ತದೆ. ಅದಕ್ಕೇ ಅವಳು ಊರಿಗೆ ಬಂದಾಗಲೆಲ್ಲ ಬೆಸೆಂಟ್ ನಗರದ ನಮ್ಮ ಮನೆಯಲ್ಲೇ ಠಿಕಾಣಿ. ಹುಟ್ಟಿದಾಗಿನಿಂದ ನನ್ನನ್ನು ಚಿತ್ತಿ ಅನ್ನುತ್ತಾಳೆ. (ಮೂರು ತಲೆಮಾರಿನ ಮದರಾಸು ವಾಸದಲ್ಲಿ ಚಿಕ್ಕಮ್ಮ ಚಿತ್ತಿಯಾಗದೆ ಇನ್ನೇನಾದಾಳು?)

ನಿಧಿ ಪ್ರೊಫೆಷನಲ್ ಸೈಕ್ಲಿಸ್ಟ್. ಹಾಗಂದರೆ ಏನು ಅಂತ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಕೇಳಿಯಾಗಿದೆ. ಸಂಬಳಕ್ಕೆ ಸೈಕಲ್ ಓಡಿಸುವವಳು ಅಂತ ನಾನು ಹೇಳಿಯೂ ಆಗಿದೆ. ಅವಳು ಸ್ಕೂಲಿನಲ್ಲಿದ್ದಾಗ ಭಾವ ಅಂಬತ್ತೂರಿನ ತಮ್ಮ ಫ್ಯಾಕ್ಟರಿಯ ಗೆಳೆಯರೊಬ್ಬರಿಂದ ಹಳೆಯ ರೇಸಿಂಗ್ ಸೈಕಲ್ ತಂದುಕೊಟ್ಟರು. ಅಲ್ಲಿಂದ ಶುರು. ಜಿಲ್ಲೆ, ರಾಜ್ಯ, ನ್ಯಾಷನಲ್ಸ್, ಆಮೇಲೆ ಇಟಲಿಯ ಒಂದು ಪುಟ್ಟ ಟೀಮು. ವರ್ಷದಲ್ಲಿ ಮುಕ್ಕಾಲು ಪಾಲು ಅಲ್ಲೇ, ಎಲ್ಲೆಲ್ಲೋ ಬೆಟ್ಟಗುಡ್ಡಗಳ ರಸ್ತೆಯಲ್ಲಿ.

"ಎಷ್ಟು ಮೆಡಲ್ ಬಂದಿದೆ?" ಅಂತ ಕೆಳಗಿನ ಮನೆಯ ಮಾಮಿ ಕೇಳಿದರು.

ಇಟಲಿಗೆ ಹೋದಮೇಲೆ ಒಂದೂ ಇಲ್ಲ. ಬರುವುದೂ ಇಲ್ಲ. ಯಾಕೆಂದರೆ ಅವಳ ಕೆಲಸ ಗೆಲ್ಲುವುದಲ್ಲ!

ಇದು ನನಗೇ ಅರ್ಥವಾಗಲು ಒಂದಷ್ಟು ಕಾಲ ಹಿಡಿಯಿತು. ರೋಡ್ ರೇಸಿನಲ್ಲಿ ಒಂದೊಂದು ಟೀಮಿಗೂ ಒಬ್ಬಳು ಲೀಡರ್. ಉಳಿದವರು ಅವಳ ಮುಂದೆ ನಿಂತು ಗಾಳಿಯನ್ನು ಎದುರಿಸಬೇಕು. ಹಿಂದೆ ಅಂಟಿಕೊಂಡು ಬರುವವಳಿಗೆ ಗಾಳಿ ತಾಕದು, ಅವಳ ಕಾಲಿಗೆ ಕಷ್ಟ ಕಡಿಮೆ. ಹಾಗೆ ಅವಳನ್ನು ಜೋಪಾನವಾಗಿ ಕರೆದುಕೊಂಡು ಹೋಗಿ, ಕೊನೆಯ ಗೆರೆ ಹತ್ತಿರ ಬಂದಾಗ ಪಕ್ಕಕ್ಕೆ ಸರಿದುಬಿಡುವುದು. ಕಪ್ ಅವಳಿಗೆ. ಸುಸ್ತು ಇವಳಿಗೆ.

"ಗಾಳಿ ತಿನ್ನೋದು ಚಿತ್ತಿ ನನ್ನ ಕೆಲಸ" ಅನ್ನುತ್ತಿದ್ದಳು ನಿಧಿ, ಹೆಮ್ಮೆಯಿಂದಲೇ.

"ನಮ್ಮ ಬ್ಯಾಂಕಲ್ಲಿ ಅದಕ್ಕೆ ಡೆಪ್ಯುಟಿ ಮ್ಯಾನೇಜರ್ ಅಂತಿದ್ವಿ" ಅಂದರು ನನ್ನ ಯಜಮಾನರು.

ಈ ಸಲ ಬಂದ ನಿಧಿ ಮಾತ್ರ ಆ ನಿಧಿಯಲ್ಲ. ಬೇಸಿಗೆಯಲ್ಲಿ ಅವಳ ಟೀಮಿನ ಲೀಡರ್ ರೇಸಿನಲ್ಲೇ ಬಿದ್ದು ಸತ್ತುಹೋಗಿದ್ದಳು. ಕ್ಲಾರಾ ಅಂತ ಹೆಸರು. ನಿಧಿಯ ರೂಮ್‌ಮೇಟ್ ಕೂಡ. ಅಷ್ಟು ಮಾತ್ರ ನಮಗೆ ಗೊತ್ತಿತ್ತು. ಕೇಳಿದರೆ ಇವಳು ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ. ನಾವೂ ಕೆದಕಲಿಲ್ಲ. ಬೆಳಗಾಗುತ್ತಿದ್ದಂತೆ ಒಬ್ಬಳೇ ಸೈಕಲ್ ಹತ್ತಿ ಹೋಗುತ್ತಿದ್ದಳು, ಕೆಸರಾಗಿ ಬರುತ್ತಿದ್ದಳು. ನಾನು ಒಗೆಯುತ್ತಿದ್ದೆ.

ಒಂದು ದಿನ ಬಕೆಟ್ ಮುಂದೆ ಕೂತು ಸುಮ್ಮನೆ ಕೇಳಿದೆ. "ಅಲ್ವೇ, ಎದೆ ಮೇಲೆ ಹೇಗೇ ಕೆಸರು ಎಗರತ್ತೆ?"

"ಅದಾ? ಮುಂದೆ ಹೋಗ್ತಾ ಇರೋರ ಚಕ್ರದಿಂದ ಚಿತ್ತಿ. ನನ್ನ ಹಿಂದಿನ ಚಕ್ರ ನನ್ನ ಬೆನ್ನಿಗೆ ಎರಚತ್ತೆ. ಮುಂದಿನದು ಕಾಲಿಗೆ. ಎದೆಗೆ, ಮುಖಕ್ಕೆ ಬಂತು ಅಂದ್ರೆ ಮುಂದಿರೋರ..."

ಅಷ್ಟಕ್ಕೆ ಮಾತು ನಿಲ್ಲಿಸಿದಳು. ನನ್ನ ಕೈಯಲ್ಲಿದ್ದ ಜರ್ಸಿಯನ್ನು ನೋಡಿದಳು. ಮುಖದ ಬಣ್ಣವೇ ಹೋಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಬ್ಬಳೇ ಹೋಗುವವಳ ಮುಂದೆ ಯಾರು?

ನಿಮಗೇನು ಹೊಳೆಯುತ್ತದೋ ನನಗೂ ಅದೇ ಹೊಳೆಯಿತು. ಹುಡುಗ! ಯಾರೋ ಸೈಕಲ್ ಹುಡುಗ ಗಂಟುಬಿದ್ದಿದ್ದಾನೆ. ತಡೆಯಲಾರದೆ ಅಕ್ಕನಿಗೆ ಫೋನ್ ಹಚ್ಚಿದೆ. ಅವಳು ಮೊದಲು "ಅಯ್ಯೋ ಪೆರುಮಾಳೇ" ಅಂದಳು. ಮರುಕ್ಷಣವೇ "ಯಾರ ಮನೆಯವನಂತೆ? ನೋಡಕ್ಕೆ ಹೇಗಿದಾನೆ?" ಅಂದಳು. ಕ್ಲಾರಾ ಹೋದಮೇಲೆ ಮಗಳು ನಕ್ಕಿದ್ದನ್ನು ನೋಡದ ತಾಯಿ ಅವಳು. ಹುಡುಗನಾದರೂ ಇರಲಿ ಅನ್ನುವ ಆಸೆ ಅವಳ ದನಿಯಲ್ಲಿತ್ತು.

ಹೀಗೆ ಅನುಮಾನಪಟ್ಟವಳು ನಾನೊಬ್ಬಳೇ ಅಲ್ಲ. ಅದೇ ವಾರ ಇಟಲಿಯಿಂದ ಕೋಚ್ ವಿಡಿಯೋ ಕಾಲ್ ಮಾಡಿದ. ಅವಳ ಸೈಕಲ್ಲಿನ ಪೆಡಲಿಗೆ ಒಂದು ಮೀಟರ್ ಇದೆ. ಕಾಲು ಎಷ್ಟು ಜೋರಾಗಿ ತುಳಿಯುತ್ತಿದೆ ಅನ್ನುವುದನ್ನು ಅಳೆಯುತ್ತದೆ. ಓಡಿಸಿದ ಪ್ರತಿದಿನದ ಲೆಕ್ಕವೂ ಕೋಚ್‌ಗೆ ತಾನಾಗಿಯೇ ಹೋಗುತ್ತದೆ. (ಎಂಥ ಕೆಲಸ ನೋಡಿ. ನಮ್ಮ ಮ್ಯಾನೇಜರುಗಳಿಗೆ ಈ ಮೀಟರ್ ಸಿಗದೇ ಇರಲಿ.)

ಕೋಚ್ ಕೂಗಾಡಲಿಲ್ಲ. ತಣ್ಣಗೆ ಕೇಳಿದ. ನೀನು ಯಾರ ಹಿಂದೆ ಓಡಿಸುತ್ತಿದ್ದೀಯ? ಸ್ಪೀಡ್ ಹಾಗೇ ಇದೆ, ಕಾಲಿನ ಜೋರು ಮಾತ್ರ ಇದ್ದಕ್ಕಿದ್ದಂತೆ ಇಳಿಯುತ್ತದೆ. ಸ್ವಲ್ಪ ಹೊತ್ತಾದಮೇಲೆ ಏರುತ್ತದೆ. ಮತ್ತೆ ಇಳಿಯುತ್ತದೆ. ಇಬ್ಬರು ಸರದಿಯ ಮೇಲೆ ಗಾಳಿಗೆ ಮುಂದೆ ನಿಂತಾಗ ಮಾತ್ರ ಹೀಗಾಗುತ್ತದೆ. ಒಬ್ಬಳೇ ಓಡಿಸು ಅಂತ ತಾನೆ ನಾನು ಹೇಳಿದ್ದು?

"ಒಬ್ಬಳೇ ಓಡಿಸಿದ್ದು" ಅಂದಳು ನಿಧಿ.

ಅವನು ನಂಬಲಿಲ್ಲ. ಲಾರಿ ಹಿಂದೆ ಓಡಿಸುತ್ತೀಯಾ, ಗೆಳೆಯರಿದ್ದಾರಾ ಅಂತ ಕೇಳಿದ. ಕೊನೆಗೆ ಒಂದು ಮಾತು ಹೇಳಿದ. ಮುಂದಿನ ಸೀಸನ್ನಿನ ಕಾಂಟ್ರ್ಯಾಕ್ಟ್ ಬೇಕಾದರೆ ಒಂದು ಟೆಸ್ಟ್. ಭಾನುವಾರ, ಎದುರುಗಾಳಿಯಲ್ಲಿ, ಪೂರ್ತಿ ಒಬ್ಬಳೇ. ಹಿಂದಿನಿಂದ ಯಾರಾದರೂ ವಿಡಿಯೋ ಮಾಡಬೇಕು. ಈ ಸಲವೂ ಜೋರು ಹೀಗೆ ಇಳಿದರೆ ನಮಗೆ ನೀನು ಬೇಡ.

ಟೀಮು ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟಿದ್ದಾಳೆ. ಮೆಡಲ್ ಇಲ್ಲದವಳನ್ನು ಇನ್ನೊಂದು ಟೀಮು ಕರೆಯುವುದಿಲ್ಲ. ಇವೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

"ವಿಡಿಯೋ ಯಾರೇ ಮಾಡೋದು?" ಅಂದೆ.

"ನೀನೇ ಚಿತ್ತಿ. ಸ್ಕೂಟಿ ಇದೆಯಲ್ಲ."

ಈ ವಯಸ್ಸಿನಲ್ಲಿ! ಹ್ಯಾಂಡಲ್ಲಿಗೆ ಮೊಬೈಲ್ ಸಿಕ್ಕಿಸುವ ಸ್ಟ್ಯಾಂಡ್ ಕೊಂಡುಕೊಂಡೆ, ಊಟ ಡೆಲಿವರಿ ಮಾಡುವವರ ಗಾಡಿಗಳಲ್ಲಿ ಇರುತ್ತದಲ್ಲ, ಅದು. ಭಾನುವಾರಕ್ಕೆ ಮುಂಚೆ ಒಂದು ದಿನ ಟ್ರಯಲ್ ನೋಡೋಣ ಅಂದೆ. ಸ್ಟ್ಯಾಂಡ್ ಅನ್ನುವುದು ನೆಪ. ನನಗೆ ಬೇಕಾಗಿದ್ದದ್ದು ಹುಡುಗನ ಮುಖ.

ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸದ ಬೆಳಗು. ಬಾಗಿಲುಗಳ ಮುಂದೆ ಹಾಕಿದ್ದ ಕೋಲಂ ರಂಗೋಲಿಗಳನ್ನು ರಾತ್ರಿಯ ಮಳೆಯ ನೀರು ಆಗಲೇ ಕಲಸಿಹಾಕಿತ್ತು. ಟೋಲ್ ದಾಟಿದಮೇಲೆ ರಸ್ತೆ ಖಾಲಿ. ಹೋಗುವಾಗ ಗಾಳಿ ಬೆನ್ನಿಗಿತ್ತು. ಅವಳು ಮುಂದೆ, ನಾನು ಬಹಳ ಹಿಂದೆ. ಯಾವ ಹುಡುಗನೂ ಬರಲಿಲ್ಲ. ಛೇ ಅನ್ನಿಸಿತು, ನಿಜ ಹೇಳುತ್ತೇನೆ.

ತಿರುಗಿಕೊಂಡು ಉತ್ತರದ ಕಡೆ ಹೊರಟಾಗ ಗಾಳಿ ಎದುರಾಯಿತು. ನನ್ನ ಸ್ಕೂಟಿ ಏದುಸಿರು ಬಿಡುತ್ತಿತ್ತು, ದುಪಟ್ಟಾ ಕತ್ತು ಹಿಸುಕುತ್ತಿತ್ತು. ಗಾಳಿಮರಗಳು ಒಂದೇ ಸಮ ಶೂ ಅನ್ನುತ್ತಿದ್ದವು. ನಿಧಿ ತಲೆ ತಗ್ಗಿಸಿ ತುಳಿಯುತ್ತಿದ್ದಳು. ಬೆನ್ನು ಬಿಲ್ಲಾಗಿತ್ತು.

ಆಗ ಅವಳ ಬಲಗೈಯ ಮೊಣಕೈ ಒಮ್ಮೆ ಆಚೆಗೆ ಅಲ್ಲಾಡಿತು. ನೊಣ ಓಡಿಸುವಷ್ಟು ಸಣ್ಣಗೆ.

ಅವಳು ಎಡಕ್ಕೆ ಸರಿದಳು. ವೇಗ ಒಂದು ಚೂರು ತಗ್ಗಿಸಿದಳು. ತಲೆ ಬಲಕ್ಕೆ ತಿರುಗಿಸಿದಳು. ರಸ್ತೆಯ ಕಡೆಗಲ್ಲ, ಸಮುದ್ರದ ಕಡೆಗೂ ಅಲ್ಲ. ಪಕ್ಕದಲ್ಲಿ ಸೈಕಲ್ ಮೇಲೆ ಇರುವವರ ಮುಖ ಎಷ್ಟು ಎತ್ತರಕ್ಕಿರುತ್ತದೋ ಅಷ್ಟು ಎತ್ತರಕ್ಕೆ ನೋಡಿದಳು. ಅವಳ ಕಣ್ಣು ನಿಧಾನವಾಗಿ ಹಿಂದಿನಿಂದ ಮುಂದಕ್ಕೆ ಹೋಯಿತು. ಆಮೇಲೆ ಬಲಕ್ಕೆ ಬಂದು ತನ್ನ ಜಾಗ ಹಿಡಿದಳು.

ಅವಳ ಬೆನ್ನು ಸಡಿಲವಾಯಿತು. ಕಾಲು ಹಗುರವಾದದ್ದು ನನಗೂ ಕಾಣಿಸಿತು. ಸ್ಪೀಡ್ ಇಳಿಯಲಿಲ್ಲ. ನನ್ನ ಸ್ಕೂಟಿಯ ಮುಳ್ಳು ಇದ್ದಲ್ಲೇ ಇತ್ತು, ನನ್ನ ಮುಖಕ್ಕೆ ಬಡಿಯುತ್ತಿದ್ದ ಗಾಳಿಯೂ ಅಷ್ಟೇ ಇತ್ತು.

ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಬರೀ ಒದ್ದೆ ರಸ್ತೆ.

ನಿಧಿ ಕೈ ಎತ್ತಿ ಕನ್ನಡಕ ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಒರೆಸಿಕೊಂಡಳು. ಮಳೆ ಇರಲಿಲ್ಲ ಸ್ವಾಮಿ. ನನ್ನ ಹೆಲ್ಮೆಟ್ಟಿನ ಗಾಜು ಒಣಗಿ ಗರಿಗರಿ ಇತ್ತು. ಅವಳ ಮುಖಕ್ಕೆ ನೀರು ಎಲ್ಲಿಂದ ಬರುತ್ತಿತ್ತು?

ನನಗೆ ಭಯವಾಯಿತು. ಸ್ಕೂಟಿ ಪಕ್ಕಕ್ಕೆ ನಿಲ್ಲಿಸಿ ಕೂತುಬಿಡೋಣ ಅನ್ನಿಸಿತು. ಆದರೆ ನಿಲ್ಲಿಸಿದರೆ ಅವಳನ್ನು ಅಲ್ಲಿ ಬಿಟ್ಟ ಹಾಗಾಗುತ್ತದಲ್ಲ? ಯಾರ ಜೊತೆ ಅಂತಲೂ ಗೊತ್ತಿಲ್ಲದೆ! ಗಾಯತ್ರಿಯೋ, ವಿಷ್ಣುಸಹಸ್ರನಾಮವೋ, ಬಾಯಿಗೆ ಬಂದದ್ದನ್ನೆಲ್ಲ ಕಲಸಿ ಹೇಳಿಕೊಳ್ಳುತ್ತ ಮನೆ ತಲುಪಿದೆ.

ಮನೆಯಲ್ಲಿ ಜರ್ಸಿ ಬಿಚ್ಚಿಕೊಟ್ಟಳು. ಎದೆಯ ಮೇಲೆ ಪಟ್ಟೆ.

ಕಾಫಿ ಕೊಟ್ಟು ಎದುರಿಗೆ ಕೂತೆ. ಯಜಮಾನರನ್ನು ತರಕಾರಿಗೆ ಅಟ್ಟಿದ್ದೆ. "ಯಾರೇ ಅದು?" ಅಂದೆ.

ನಿಧಿ ಡಬರಾದಲ್ಲಿದ್ದ ಕಾಫಿಯನ್ನು ಲೋಟಕ್ಕೆ ಸುರಿದಳು, ಲೋಟದಿಂದ ಡಬರಾಕ್ಕೆ ಸುರಿದಳು. ಕುಡಿಯಲಿಲ್ಲ.

"ಕ್ಲಾರಾ" ಅಂದಳು.

ಆಮೇಲೆ ಹೇಳಿದಳು. ತಮಿಳು, ಇಂಗ್ಲಿಷು, ನಡುವೆ ನಡುವೆ ನಮ್ಮ ಕನ್ನಡ. ಆ ದಿನ ಅವರಿಬ್ಬರೇ ಎಲ್ಲರಿಗಿಂತ ಮುಂದೆ ಹೋಗಿದ್ದರು. ಬೆಟ್ಟ ಹತ್ತಿ ಆಗಿತ್ತು. ಇಳಿಜಾರು. ನಿಧಿ ಮುಂದೆ, ಕ್ಲಾರಾ ಹಿಂದೆ.

"ಇಳಿದು ಮುಗಿಯೋವರೆಗೂ ನಾನೇ ಮುಂದೆ ಇರ್ಬೇಕು ಚಿತ್ತಿ. ಅದೇ ಪ್ಲಾನ್. ದಾರಿ ನೋಡೋದು, ಗಾಳಿ ತಿನ್ನೋದು, ಎಲ್ಲಾ ನಂದು. ಅವಳು ಸುಮ್ನೆ ನನ್ನ ಚಕ್ರ ನೋಡ್ಕೊಂಡು ಬರ್ಬೇಕು. ನಂಗೆ ಸುಸ್ತಾಗಿತ್ತು. ರೊಂಬ ಸುಸ್ತು. ಮೊಣಕೈ ಅಲ್ಲಾಡಿಸಿಬಿಟ್ಟೆ."

"ಹಂಗಂದ್ರೆ?"

"ಹಿಂದಿರೋರು ಮುಂದೆ ಬಾ ಅಂತ. ನಮ್ಮಲ್ಲಿ ಮಾತಾಡಲ್ಲ, ಬರೀ ಮೊಣಕೈ. ಲೀಡರಿಗೆ ಹಾಗೆ ಮಾಡ್ಬಾರದು. ಇಳಿಜಾರಲ್ಲಂತೂ ಮಾಡ್ಲೇಬಾರದು. ಆದ್ರೆ ಅವಳು ಬಂದಳು. ಪಕ್ಕಕ್ಕೆ ಬಂದಾಗ ನನ್ನ ಮುಖ ನೋಡಿ 'ಸುಸ್ತಾ?' ಅಂತ ಕೇಳಿದಳು. ಮುಂದಿನ ತಿರುವಲ್ಲಿ ರಸ್ತೆ ಮೇಲೆ ಜಲ್ಲಿ ಇತ್ತು. ಆಚೆ ಗೋಡೆ."

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

"ಯಾರೂ ನನ್ನ ಬೈಲಿಲ್ಲ. ಯಾರಿಗೂ ಗೊತ್ತೇ ಇಲ್ಲ, ನಾನು ಮೊಣಕೈ ಅಲ್ಲಾಡಿಸಿದ್ದು" ಅಂದಳು. "ಇಲ್ಲಿಗೆ ಬಂದು ಮೊದಲನೇ ದಿನ ಓಡಿಸಿದಾಗ ಹಳೇ ಅಭ್ಯಾಸಕ್ಕೆ ಮೊಣಕೈ ಅಲ್ಲಾಡಿಸಿದೆ. ಗಾಳಿ ನಿಂತುಹೋಯ್ತು. ಸತ್ಯವಾಗ್ಲೂ ಚಿತ್ತಿ, ಯಾರೋ ಮುಂದೆ ಬಂದ ಹಾಗೆ ನಿಂತುಹೋಯ್ತು. ಹೆದರಿಕೆ ಆಗ್ಲಿಲ್ಲ. ಸಂತೋಷ ಆಯ್ತು. ಅದಕ್ಕೇ ದಿನಾ ಹೋಗ್ತೀನಿ. ಸತ್ತ ಮೇಲೂ ಅವಳ ಕೈಲಿ ಕೆಲಸ ಮಾಡಿಸ್ತಾ ಇದ್ದೀನಿ ಅಂತ ಗೊತ್ತು. ಆದ್ರೂ ಹೋಗ್ತೀನಿ."

"ಭಾನುವಾರ?"

"ಭಾನುವಾರ ಅಲ್ಲಾಡಿಸಿದ್ರೆ ಮೀಟರಲ್ಲಿ ಬೀಳತ್ತೆ. ಕಾಂಟ್ರ್ಯಾಕ್ಟ್ ಹೋಯ್ತು. ಅಲ್ಲಾಡಿಸದೇ ಇದ್ರೆ ಅವಳು ಬರಲ್ಲ. ಇನ್ನೊಂದು ಸಲ ಅವಳನ್ನ ಬಿಟ್ಟು ಹೋದ ಹಾಗೆ." ಅಷ್ಟು ಹೇಳಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಮಗುವಾಗಿದ್ದಾಗ ಅತ್ತ ಹಾಗೆ, ಬಾಯಿಬಿಟ್ಟು.

ಆ ಕ್ಷಣಕ್ಕೆ ದೆವ್ವದ ಭಯವೆಲ್ಲ ಎಲ್ಲಿ ಹೋಯಿತೋ. ನನಗೆ ಸಿಟ್ಟು ಬಂತು. ಈ ಕೂಸು ಇಷ್ಟು ತಿಂಗಳು ಇದನ್ನು ಒಬ್ಬಳೇ ಹೊತ್ತುಕೊಂಡಿತ್ತಲ್ಲ, ಪಕ್ಕದ ರೂಮಿನಲ್ಲಿ ನಾನು ಟಿವಿ ನೋಡುತ್ತಿದ್ದೆನಲ್ಲ ಅಂತ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು, ಸಮಾಧಾನದ ಮಾತಾಡಬೇಕಿತ್ತು. ಬುದ್ಧಿವಂತರು ಅದನ್ನೇ ಮಾಡುತ್ತಿದ್ದರು. ನಾನು ಮಾತ್ರ ಸಿಟ್ಟಿನಲ್ಲಿ, ಅಡುಗೆಮನೆಯ ದನಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಬರಲ್ಲ ಅಂತ ಯಾರೇ ಹೇಳಿದ್ದು? ಹಿಂದೆ ಇರ್ಲಿ! ಹಿಂದೆ ಇದ್ರೆ ಏನಾಗತ್ತೆ? ಹಿಂದಿರೋರಿಗೆ ಗಾಳಿ ತಾಕದ ಹಾಗೆ ಕರ್ಕೊಂಡು ಹೋಗೋದೇ ಅಲ್ವಾ ನಿನ್ನ ಕೆಲಸ? ಸಂಬಳ ತಗೊಳ್ಳೋದು ಅದಕ್ಕೇ ತಾನೆ?"

ನಿಧಿ ತಲೆ ಎತ್ತಿದಳು. ಆಮೇಲೆ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

ಭಾನುವಾರ ಬಂತು. ಮೋಡ ಇತ್ತು, ರಸ್ತೆ ಒದ್ದೆ, ಗಾಳಿ ಮೊದಲಿಗಿಂತ ಜೋರು. ದಕ್ಷಿಣದ ಕಡೆ ಹೋಗಿ, ತಿರುಗಿ, ಎದುರುಗಾಳಿಗೆ ಮುಖಮಾಡಿ ಟೆಸ್ಟ್ ಶುರು. ನಾನು ಬೇಕೆಂದೇ ತುಂಬಾ ಹಿಂದೆ ಉಳಿದೆ. ನಮ್ಮಿಬ್ಬರ ನಡುವೆ ಎರಡು ಸಿಟಿ ಬಸ್ ಆರಾಮಾಗಿ ನಿಲ್ಲಬಹುದಿತ್ತು. ಸ್ಪಷ್ಟವಾಗಿ ಕಾಣಲಿ ಅಂತ ಮೊಬೈಲನ್ನು ಝೂಮ್ ಮಾಡಿಟ್ಟಿದ್ದೆ. ಯಾಕೆ ಅಷ್ಟು ದೂರ? ಪುಕ್ಕಲು ಅಂತಲೇ ಇಟ್ಟುಕೊಳ್ಳಿ. ಆ ನಡುವಿನ ಜಾಗಕ್ಕೆ ಹೋಗಲು ನನಗೆ ಮನಸ್ಸಿರಲಿಲ್ಲ.

ಗಾಳಿ ಅವಳನ್ನು ಹಿಂದಕ್ಕೆ ನೂಕುತ್ತಿತ್ತು. ಸೈಕಲ್ ಪಕ್ಕಕ್ಕೆ ವಾಲಿದಾಗೆಲ್ಲ ಸ್ಕೂಟಿಯ ಮೇಲೆ ನಾನೂ ಅದೇ ಕಡೆಗೆ ವಾಲುತ್ತಿದ್ದೆ. ಒಂದು ಕಡೆ ಅವಳ ಬಲಗೈ ಮೊಣಕೈ ನಡುಗಿತು. ಈಗ ಅಲ್ಲಾಡಿಸುತ್ತಾಳೆ ಅಂದುಕೊಂಡೆ. "ಬೇಡ ಕಣೇ, ಬೇಡ ಕಣೇ" ಅಂತ ಹೆಲ್ಮೆಟ್ಟಿನೊಳಗೆ ಕಿರುಚಿದೆ. ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಳು.

ಅಲ್ಲಾಡಿಸಲಿಲ್ಲ. ಒಂದು ಸಲವೂ ಪಕ್ಕಕ್ಕೆ ಸರಿಯಲಿಲ್ಲ, ಕನ್ನಡಕ ಒರೆಸಿಕೊಳ್ಳಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ರಸ್ತೆಯಲ್ಲಿ ಗುಂಡಿ ಬಂದಾಗೆಲ್ಲ ಅವಳು ಎಡಗೈಯನ್ನು ಕೆಳಗಿಳಿಸಿ, ಬೆರಳು ತೋರಿಸಿ, ಆಮೇಲೆ ದಾಟುತ್ತಿದ್ದಳು. ಜಲ್ಲಿ ಚೆಲ್ಲಿದ್ದ ಕಡೆ ಅಂಗೈ ಅಗಲಿಸಿ ಅಲ್ಲಾಡಿಸಿದಳು. ನನಗೆ ತೋರಿಸುತ್ತಿದ್ದಾಳೆ ಅಂದುಕೊಂಡೆ ಮೊದಲು. ಆದರೆ ಅಷ್ಟು ದೂರದ ನನಗೆ ಅದು ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ಅವಳು ತೋರಿಸುತ್ತಿದ್ದದ್ದು ತನ್ನ ಹಿಂದಿನ ಚಕ್ರಕ್ಕೆ ತಾಕುವಷ್ಟು ಹತ್ತಿರ ಇರುವವರಿಗೆ.

ಟೋಲ್ ಹತ್ತಿರ ನಿಂತಳು. ಸೈಕಲ್ ಮೇಲೇ ಬಗ್ಗಿ ವಾಂತಿ ಮಾಡಿಕೊಂಡಳು. ನಾನು ಓಡಿಹೋಗಿ ಹಣೆ ಹಿಡಿದೆ. ಮುಖದಲ್ಲಿ ಬರೀ ಬೆವರು. ಎದೆಯ ಮೇಲೆ ಒಂದು ಚುಕ್ಕೆ ಕೆಸರಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕ ಭಾವ ಕೀಲ್ಪಾಕಿನಿಂದ ಬಂದಿದ್ದರು. ಟೆಸ್ಟು, ಕಾಂಟ್ರ್ಯಾಕ್ಟು ಅಷ್ಟೇ ಅವರಿಗೆ ಗೊತ್ತು. ಕೋಚ್ ಕಾಲ್ ಮಾಡಿದ. ಎಲ್ಲರೂ ಮೊಬೈಲ್ ಸುತ್ತ ಕೂತೆವು. ಅವನು ನಗುತ್ತಿದ್ದ. ಚೆನ್ನಾಗಿ ಓಡಿಸಿದ್ದೀಯ, ಈ ವರ್ಷದಲ್ಲೇ ಇಷ್ಟು ಚೆನ್ನಾಗಿ ಓಡಿಸಿರಲಿಲ್ಲ, ಪೇಪರ್ ಕಳಿಸುತ್ತೇನೆ, ಜನವರಿಯಲ್ಲಿ ಕ್ಯಾಂಪಿಗೆ ಬಾ ಅಂದ. ಅಕ್ಕ ಅಲ್ಲೇ ಕೈಮುಗಿದಳು. ಭಾವ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಆಮೇಲೆ ಕೋಚ್, ಒಂದು ಸಣ್ಣ ವಿಷಯ ಅಂದ. ಆ ಗಾಳಿಗೆ, ಆ ಸ್ಪೀಡಿಗೆ ಇರಬೇಕಾದ್ದಕ್ಕಿಂತ ಕಾಲಿನ ಜೋರು ಒಂದು ಕೂದಲಷ್ಟು ಕಡಿಮೆ ಇದೆ. ಮೊದಲಿನ ಹಾಗೆ ಏರಿಳಿತವಲ್ಲ. ಶುರುವಿನಿಂದ ಕೊನೆಯವರೆಗೆ ಒಂದೇ ಸಮ. ಬೆನ್ನ ಹಿಂದೆ ಯಾರಾದರೂ ತೀರಾ ಹತ್ತಿರ ಅಂಟಿಕೊಂಡು ಬಂದರೆ ಮುಂದಿನವರಿಗೂ ಇಷ್ಟು ಹಗುರವಾಗುತ್ತದೆ, ಅವರ ಹಿಂದೆ ಗಾಳಿ ಸುಳಿದು ಎಳೆಯುವುದು ತಪ್ಪುತ್ತದಲ್ಲ, ಅದಕ್ಕೆ. ಪರವಾಗಿಲ್ಲ, ನಿಮ್ಮ ಆಂಟಿಗೆ ಗೊತ್ತಿರಲಿಲ್ಲ. ವಿಡಿಯೋ ನೋಡಿದರೇ ತಿಳಿಯುತ್ತದೆ, ಸ್ಕೂಟರನ್ನು ತುಂಬಾ ಹತ್ತಿರ ತಂದಿದ್ದಾರೆ.

ನಿಧಿ ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. ಅಕ್ಕ ಅಷ್ಟು ದಿನದಿಂದ ಕಾದಿದ್ದ ನಗು ಅದು.

ನಾನು ಮೊಬೈಲಿಗೆ ಬಗ್ಗಿ, ನನಗೆ ಬರುವ ಇಂಗ್ಲಿಷಿನಲ್ಲಿ, ಹೌದು ಸಾರ್, ಹಿಂದೆಯೇ ಅಂಟಿಕೊಂಡಿದ್ದದ್ದು ನಾನೇ, ತಪ್ಪಾಯಿತು ಅಂದೆ.

ನೀವೇ ಹೇಳಿ, ಇನ್ನೇನನ್ನಬೇಕಿತ್ತು?